ನಂಜಯ್ಯ ದೊಡ್ಡಪ್ಪನ ದಿಲ್ಲಿ

ಚನ್ನರಾಯಪಟ್ಟಣದಲ್ಲಿ ದಿಲ್ಲಿ ನೋಡಿ ಬಂದವರು ತಾವೊಬ್ಬರೇ ಎಂಬ ಜಂಬ ನಂಜಯ್ಯ ದೊಡ್ಡಪ್ಪನಿಗೆ. ಕೊಬ್ಬರಿ ವ್ಯಾಪಾರಕ್ಕೆಂದು ಒಂದೇ ಒಂದು ಸಲ ರೈಲು ಹತ್ತಿದ್ದರು. ಆಮೇಲೆ ವರ್ಷಗಟ್ಟಲೆ ಅದನ್ನೇ ಹೇಳಿ ಎಲ್ಲರ ತಲೆ ತಿಂದರು. ಊರಿನವರೂ ಅಷ್ಟೇ, ದೂರದ ಮಾತು ಬಂದರೆ ಅವರನ್ನೇ ಕೇಳುತ್ತಿದ್ದರು.

ನಲವತ್ತೇಳನೇ ಇಸವಿಯ ಮಾಗಿಯಲ್ಲಿ ಒಂದು ಮಧ್ಯಾಹ್ನ ನಮ್ಮಪ್ಪ ತೀರಿಕೊಂಡರು. ಅಣ್ಣ ಚಂದ್ರಯ್ಯ ದಿಲ್ಲಿಯಲ್ಲಿ ನೌಕರಿಯಲ್ಲಿದ್ದ. ತಂತಿ ಕೊಟ್ಟೆವು. ಮರುತಂತಿ ಬಂತು: ವಿಮಾನದಲ್ಲಿ ಹೊರಡುತ್ತೇನೆ, ನಾಳೆ ಸಂಜೆಗೆ ಬರುತ್ತೇನೆ, ಕಾಯಿರಿ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೊರಗಿಸಿ ಕೂರಿಸುತ್ತೇವೆ. ಗುಣಿಯೊಳಗೂ ಕೂತೇ ಇರಬೇಕು. ರಾತ್ರಿಯೆಲ್ಲ ಅಪ್ಪ ಪಡಸಾಲೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ಒಳ್ಳೆ ಚಳಿ, ದೇಹ ಕೆಡುವ ಭಯವೂ ಇರಲಿಲ್ಲ.

ಬೆಳಗ್ಗೆ ದೊಡ್ಡಪ್ಪ ಗುಣಿ ತೋಡಿಸಲು ಆಳು ಕಳಿಸಿದರು.

"ಸಂಜೆಗಂಟ ತಡೀರಿ ದೊಡ್ಡಪ್ಪ, ಅಣ್ಣ ಬತ್ತಾನೆ" ಅಂದೆ.

"ದಿಲ್ಲಿಯಿಂದ ಒಂದ್ ದಿನಕ್ಕಾ? ನಾನ್ ಓಗ್ಬಂದಿವ್ನಿ ಕಣಮ್ಮಿ, ನಂಗೊತ್ತಿಲ್ವಾ? ರೈಲ್ನಾಗೆ ಕೂತೂ ಕೂತೂ ಸೊಂಟ ಬಿದ್ದೋಗ್ತದೆ."

"ರೈಲಲ್ಲ, ವಿಮಾನ."

"ಇಮಾನ ಇರೋದು ದೊರೆಗಳ್ಗೆ. ನಮ್ ಚಂದ್ರನ್ನ ಯಾರ್ ಅತ್ತುಸ್ಕತಾರೆ?"

ಅಮ್ಮ ಅವರ ಕಾಲಿಗೆ ಬಿದ್ದಳು. "ಬಾವ, ಮಗ ಒಂದ್ಸಲ ಮಕ ನೋಡ್ಲಿ." ಎಂಗಸ್ರು ಸುಮ್ಕಿರಿ ಅಂದರು ದೊಡ್ಡಪ್ಪ. ಬಂದಿದ್ದವರೆಲ್ಲ ತಲೆಯಾಡಿಸಿದರು. ದಿಲ್ಲಿ ನೋಡಿದವರ ಮಾತಲ್ಲವೇ! ನಡು ಮಧ್ಯಾಹ್ನ ತೆಂಗಿನ ತೋಟದಲ್ಲಿ ಅಪ್ಪನನ್ನು ಕೂರಿಸಿ, ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ದೊಡ್ಡಪ್ಪನೇ ಹಾಕಿದರು.

ಹೊತ್ತು ಮುಳುಗುವ ಮುಂಚೆ ಬೆಂಗಳೂರಿನ ಬಾಡಿಗೆ ಕಾರು ಬಾಗಿಲಲ್ಲಿ ನಿಂತಿತು. ಅಣ್ಣ ಇಳಿದ. ಪಡಸಾಲೆಯ ಗೋಡೆ ಬರಿದಾಗಿತ್ತು. ತೋಟಕ್ಕೆ ಓಡಿದ. ನಾನೂ ಹಿಂದೆಯೇ ಓಡಿದೆ. ಹಸಿ ಮಣ್ಣಿನ ದಿಬ್ಬದ ಸುತ್ತ ಒಂದು ಸುತ್ತು ಬಂದು ಕೇಳಿದ:

"ಶಿವಗಂಗಾ, ಅಪ್ಪನ್ ಮಕ ಯಾವ್ ಕಡೀಕೈತೆ?"

ಕೈ ತೋರಿಸಿದೆ. ಆ ಕಡೆ ಹೋಗಿ, ಮಣ್ಣಿಗೆ ಎದುರಾಗಿ ಕೂತ. ಅಳಲೂ ಇಲ್ಲ.

ದೊಡ್ಡಪ್ಪ ಬಂದರು, ಹಿಂದೆ ಅರ್ಧ ಊರು. ತಪ್ಪಾಯಿತು ಅನ್ನುತ್ತಾರೆ ಅಂದುಕೊಂಡೆ. ಅಣ್ಣನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಮೆಲ್ಲಗೆ ಕೇಳಿದರು:

"ಚಂದ್ರ, ಇಮಾನದಿಂದ ದಿಲ್ಲಿ ಕ್ವಾಟೆ ಎಂಗ್ ಕಾಣ್ತದಪ್ಪಾ?"

ನಾನು ಮುನ್ನುಗ್ಗಿದೆ.

"ಏಳಿ ಅಲ್ಲಿಂದ! ಅಪ್ಪನ್ ಮಕದ್ ಮುಂದೆ ಕೂತ್ಕಂಡು ಇದ್ ಕೇಳ್ತೀರಾ?"

ರಟ್ಟೆ ಹಿಡಿದು ಎಳೆದು ಎಬ್ಬಿಸಿದೆ. ಹಿರಿಯರ ಮೈ ಮುಟ್ಟಿ ಎಳೆದವಳು ಎಂದು ಊರು ಇವತ್ತಿಗೂ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ.