ಬೇಲಿಯಾಚೆಯ ಬೆಳೆ

ನಮ್ಮೂರ ಸ್ಮಶಾನದ ಬೇಲಿಗೆ ಓಕ್ ಕಂಬ ಕಡಿದು ನೆಟ್ಟವನು ನನ್ನಜ್ಜ ವಲೆಂತಿ. ಪೋಲೆಂಡಿನಿಂದ ವಿಸ್ಕಾನ್ಸಿನ್‌ಗೆ ಬಂದು ಕಾಡು ಕಡಿದ ಮೊದಲ ಹನ್ನೊಂದು ಸಂಸಾರಗಳಲ್ಲಿ ನಮ್ಮದೂ ಒಂದು. ಕೊನೆಗೆ ಅದೇ ಬೇಲಿಯ ಆಚೆ, ನಮ್ಮ ಹುಲ್ಲುಗಾವಲಿನಲ್ಲಿ, ನಾಯಿಯನ್ನು ಹೂಳುವ ಹಾಗೆ ಅವನನ್ನು ಹೂಳಿದರು.

ಅವನು ಮಾಡಿದ ಪಾಪ ಇಷ್ಟೇ. ಬಿಷಪ್ಪರು ನಮಗೊಬ್ಬ ಜರ್ಮನ್ ಪಾದ್ರಿಯನ್ನು ಕಳಿಸಿದಾಗ ಚರ್ಚಿಗೆ ಬೀಗ ಜಡಿದು, ಕೀಲಿಯನ್ನು ಬಾವಿಗೆಸೆದು, "ನನ್ನ ಪಾಪ ನನ್ನ ಭಾಷೇಲಿ ಕೇಳೋನು ಬರ್ಲಿ" ಎಂದಿದ್ದ. ಪಾದ್ರಿ ಡಿಟ್ಮರ್ ಕಿಟಕಿ ಹತ್ತಿ ಒಳಗಿಳಿದ. ಮೂರು ವಾರಕ್ಕೆ ಅಜ್ಜ ಪಾಪನಿವೇದನೆ ಮಾಡದೆಯೇ ಸತ್ತ. ಅಂದು ಅವನ ಬೆನ್ನಿಗೆ ನಿಂತು ಕೂಗಿದ ಗಂಡಸರೆಲ್ಲ ಈಗ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ಥೂ!

ಅಜ್ಜಿ ಪೆಲಾಗಿಯಾಗೆ ಒಂದೇ ಕೊರಗು. ಆ ಮಣ್ಣಿಗೆ ಪಾದ್ರಿ ಕೈಯ ನಾಲ್ಕು ಹನಿ ತೀರ್ಥ ಬಿದ್ದರೆ ತಾನೂ ಗಂಡನ ಪಕ್ಕದಲ್ಲೇ ಮಲಗಬಹುದು. ಮೂರು ಸಲ ಕೇಳಿದಳು. ಬೇಲಿಯಾಚೆಯ ಗೋರಿಗೆ ತೀರ್ಥವಿಲ್ಲ ಎಂದು ಪಾದ್ರಿ ಮೂರು ಸಲವೂ ಅಟ್ಟಿದ.

"ಬೇಲೀನೇ ಕಿತ್ತು ಆಚೆಗೆ ಹಾಕ್ತೀನಿ, ಅಜ್ಜೀ" ಎಂದೆ.

"ನಿಮ್ಮಜ್ಜ ನೆಟ್ಟ ಕಂಬಾನ ನೀನು ಕೀಳ್ತೀಯಾ? ಸ್ಕೂಲು ಬಿಟ್ಟೆ ಅಂತ ತಲೇನೂ ಅಲ್ಲೇ ಬಿಟ್ಟು ಬಂದ್ಯಾ? ಸಂತ ಮಾರ್ಕನ ಹಬ್ಬಕ್ಕೆ ಪಾದ್ರಿಗಳು ಯಾವುದಕ್ಕೆ ತೀರ್ಥ ಹಾಕ್ತಾರೆ ಹೇಳು?"

"ಬೆಳೆಗೆ."

"ಮತ್ತಿನ್ನೇನು, ಬಿತ್ತು."

ಸೆಪ್ಟೆಂಬರಿನಲ್ಲಿ ಅಜ್ಜನ ಮೇಲೆ ರೈ ಕಾಳು ಬಿತ್ತಿದೆ. ಹಿಮ ಕರಗಿದ ಮೇಲೆ ಒಂದು ಹಾಸಿಗೆಯಷ್ಟು ಹಸಿರು ಎದ್ದು ನಿಂತಿತು.

ಹಬ್ಬದ ದಿನ ಬಾವುಟ ಹಿಡಿದು ಹಾಡುತ್ತಾ ಊರೇ ಹೊಲದಿಂದ ಹೊಲಕ್ಕೆ ನಡೆಯಿತು. ಸ್ಮಶಾನದ ಬಳಿ ಪಾದ್ರಿ ನಿಂತುಬಿಟ್ಟ.

"ಇದ್ಯಾರ ಹೊಲ?"

"ನಮ್ದೇ, ಸ್ವಾಮಿ" ಎಂದೆ.

"ಇಷ್ಟೇನಾ?"

"ಬಡವ್ರು, ಸ್ವಾಮಿ."

ಹಿಂದೆ ಯಾರೋ ಕಿಸಕ್ಕೆಂದರು. ಪಾದ್ರಿಯ ಕಿವಿ ಕೆಂಪಾಯಿತು, ನನ್ನತ್ತ ತಿರುಗಿದ. "ಶಿಮೆಕ್, ಇದರ ಕೆಳಗೆ ಏನಿದೆ ಅಂತ ನನಗೆ ಗೊತ್ತು!"

"ಗೊಬ್ಬರ, ಸ್ವಾಮಿ" ಎಂದಳು ಅಜ್ಜಿ. "ಜೀವಮಾನವೆಲ್ಲ ಕೊಬ್ಬಿದ್ದ. ಬೆಳೆಗೆ ಚೆನ್ನಾಗಿ ಹಿಡಿದಿದೆ."

ಪಾದ್ರಿ ತೀರ್ಥ ಹಾಕದೆ ಮುಂದಕ್ಕೆ ಹೆಜ್ಜೆ ಇಟ್ಟೇಬಿಟ್ಟ. ಆಗ ಮುಂದಿನ ಬೆಂಚಿನ ಕಾಸ್ಪರ್ ಗಾಬರಿಯಿಂದ ಅಡ್ಡ ಬಂದ. "ಒಂದು ಹೊಲ ಬಿಟ್ರೆ ಊರಿಗೆಲ್ಲ ಆಲಿಕಲ್ಲು ಬೀಳ್ತದೆ, ಸ್ವಾಮಿ! ಹಾಕ್ಬಿಡಿ, ನನ್ನ ಆಲೂಗಡ್ಡೆ ಉಳೀಲಿ!"

"ಹಾಕಿ ಸ್ವಾಮಿ, ಹಾಕಿ" ಎಂದು ಗಂಡಸರೆಲ್ಲ ಕೂಗಿದರು. ಅಜ್ಜನಿಗಾಗಿ ಅಲ್ಲ, ಆಲೂಗಡ್ಡೆಗಾಗಿ. ಪಾದ್ರಿ ಹಲ್ಲು ಕಚ್ಚಿ ತೀರ್ಥ ಬೀಸಿದ. ಅರ್ಧ ನನ್ನ ಮುಖಕ್ಕೆ ಬಿತ್ತು, ಅರ್ಧ ಅಜ್ಜನಿಗೆ.

ಬೇಸಿಗೆಯಲ್ಲಿ ಕೊಯ್ದ ಕಾಳು ಅಜ್ಜಿಯ ಮಡಿಲು ತುಂಬುವಷ್ಟೇ ಇತ್ತು. ಒಂದೇ ಒಂದು ಬ್ರೆಡ್ ಸುಟ್ಟು ಪಾದ್ರಿಗೇ ಕೊಂಡೊಯ್ದಳು. ಅವನು ಒಂದು ತುಂಡು ಅಗಿಯುವ ತನಕ ಕದಲಲಿಲ್ಲ.

"ಹೆಂಗಿದೆ, ಸ್ವಾಮಿ?"

"ಸ್ವಲ್ಪ ಹುಳಿ ಜಾಸ್ತಿ."

"ಅವನು ಮೊದ್ಲಿಂದ್ಲೂ ಹಂಗೇ."

ಪಾದ್ರಿಯ ಬಾಯಿ ಅರ್ಧಕ್ಕೇ ನಿಂತಿತು. ಅಜ್ಜಿ ದಾರಿಯುದ್ದಕ್ಕೂ ನಕ್ಕಳು. ಮನೆ ಬಾಗಿಲಲ್ಲಿ ನನ್ನ ಕಿವಿ ಹಿಂಡಿ ಹೇಳಿದಳು:

"ಈ ಸಲ ಪಕ್ಕದಲ್ಲಿ ಇನ್ನೊಂದು ಹಾಸಿಗೆಯಷ್ಟು ಬಿತ್ತೋ. ಸ್ವಲ್ಪ ಅಗಲವಾಗೇ ಬಿತ್ತು, ನಿಮ್ಮಜ್ಜ ನಿದ್ದೇಲಿ ಹೊರಳಾಡ್ತಾನೆ."