ಎಲ್ಲರ ನಂಬರು

ಈ ಮುದುಕನಿಗೆ ಮರೆವು ಹಿಡಿದಿದೆ, ಹೊಳೆ ಬಂದದ್ದು ಹಗಲೋ ರಾತ್ರಿಯೋ ಅವನಿಗೇ ಗೊತ್ತಿಲ್ಲ ಎಂದು ಈ ಗ್ರೂಪಿನಲ್ಲಿ ಹಲ್ಲು ಕಿಸಿದವರೆಲ್ಲ ಬಾಯಿ ಮುಚ್ಚಿ ಕೇಳಿ. ಹಗಲು. ಜನ ಉಂಡು ಅಡ್ಡಾಗುವ ಹೊತ್ತು. ನಿಮ್ಮಲ್ಲಿ ಅರ್ಧ ಜನ ಅವತ್ತು ನಮ್ಮೂರು ದಿಗ್ಗೇವಾಡಿಯಲ್ಲೇ ಇರಲಿಲ್ಲ. ನನಗೆ ನೆನಪಿನ ಪಾಠ ಹೇಳಬೇಡಿ.

ಅಕ್ಬರಸಾಬನ ಮಗಳು ಫರಹತ ಗೊತ್ತಲ್ಲ, ರಾಯಬಾಗದಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟವಳು. ಹೊಳೆದಂಡೆಯ ಪಂಪನ್ನು ತೋಟದ ಮನೆಯಿಂದಲೇ ಚಾಲೂ ಮಾಡುವ ರೇಡಿಯೋ ಡಬ್ಬಿಗಳನ್ನೂ ಅವಳೇ ಕೂಡಿಸುತ್ತಾಳೆ. ಸಿಮ್ಮು ಬೇಡ, ರಿಚಾರ್ಜು ಬೇಡ. ಒಳಗೆ ಉಗುರಿನಷ್ಟು ಚಿಪ್ಪು. ಗುಂಡಿ ಒತ್ತಿದರೆ ಇಲ್ಲಿಯ ಚಿಪ್ಪು ಹೇಳುತ್ತದೆ, ಅಲ್ಲಿಯದು ಕೇಳಿಸಿಕೊಳ್ಳುತ್ತದೆ.

ಮೊದಲು ಪಕ್ಕದ ಹೊಲದ ಬಾಬಾಸಾಹೇಬ ಕೂಡಿಸಿಕೊಂಡ. ನೀರು ಏರಿದರೆ ಸುದ್ದಿ ಕೊಡಲು ಹೊಳೆಯಲ್ಲಿ ಚಿಪ್ಪಿರುವ ಒಂದು ತೇಲುಬುರುಡೆಯನ್ನೂ ಬಿಡಿಸಿದ, ಅದು ಮೇಲೆದ್ದರೆ ಮನೆಯ ಡಬ್ಬಿಯಲ್ಲಿ ಗಂಟೆ. ಅದನ್ನು ನೋಡಿ ಅಕ್ಬರಸಾಬನೂ ಅಂಥದೇ ಡಬ್ಬಿ ತಂದ. ಬುರುಡೆ ಎತ್ತಿ ನೋಡಿದರೆ ಇಬ್ಬರ ಮನೆಯಲ್ಲೂ ಗಂಟೆ! ಒಬ್ಬನ ಖರ್ಚಿನಲ್ಲಿ ಇಬ್ಬರಿಗೂ ಕಾವಲು ಎಂದು ಚಹಾ ಕುಡಿದರು.

ಮರುದಿನ ಬೆಳಗ್ಗೆ ಅಕ್ಬರಸಾಬ ಗುಂಡಿ ಒತ್ತಿದ. ಬಾಬಾಸಾಹೇಬನ ಮೋಟಾರೂ ತಿರುಗಿತು. ಹಿಂದಿನ ಸಂಜೆ ಕಬ್ಬಿಗೆ ಚೆಲ್ಲಿದ್ದ ಗೊಬ್ಬರವೆಲ್ಲ ತೊಳೆದು ಹಳ್ಳಕ್ಕೆ ಹೋಯಿತು. ಬೇಕಂತಲೇ ಮಾಡಿದ ಎಂದು ಬಾಬಾಸಾಹೇಬ, ನಿನ್ನ ಡಬ್ಬಿಗೆ ಬುದ್ಧಿ ಇಲ್ಲ ಎಂದು ಅಕ್ಬರಸಾಬ. ಮಾತು ಬಿಟ್ಟರು.

ಇಬ್ಬರೂ ಬೇರೆ ಬೇರೆ ಹೊತ್ತಿಗೆ ಫರಹತಳ ಅಂಗಡಿಗೆ ಬಂದರು. ಮೊದಲು ಬಾಬಾಸಾಹೇಬ.

“ಪೋರಿ, ನಿಮ್ಮಪ್ಪನ ಮಾತು ನನ್ನ ಡಬ್ಬಿ ಕಿವ್ಯಾಗ ಬೀಳಬಾರದು. ನನ್ನ ಮಾತೂ ಅವನ ಡಬ್ಬಿಗೆ ಮುಟ್ಟಬಾರದು, ನೋಡ.”

ಅವಳು ಲ್ಯಾಪಟಾಪಿನಲ್ಲಿ ಚಿಪ್ಪಿನ ಕೇಳುವ ಸೆಟ್ಟಿಂಗು ತೆರೆದಳು. ಯಾರು ಹೇಳಿದರೂ ಕೇಳು ಎನ್ನುವುದು ಒಂದು, ಅಲ್ಲಿಯವರೆಗೆ ಇದ್ದದ್ದು ಅದೇ. ನಿನ್ನ ನಂಬರಿಗೆ ಬಂದದ್ದನ್ನಷ್ಟೇ ಕೇಳು ಎನ್ನುವುದು ಇನ್ನೊಂದು. ನಿನ್ನ ನಂಬರು, ಜೊತೆಗೆ ಎಲ್ಲರಿಗೂ ಸೇರಿದ ಒಂದು ನಂಬರು, ಅವೆರಡನ್ನೇ ಕೇಳು ಎನ್ನುವುದು ಮೂರನೆಯದು. ಬಾಬಾಸಾಹೇಬನ ಡಬ್ಬಿಗೆ ಎರಡನೆಯದನ್ನು ಹಾಕಿದಳು, ಬುರುಡೆಯೂ ಅವನ ನಂಬರಿಗಷ್ಟೇ ಕೂಗುವಂತೆ ಮಾಡಿದಳು. ಅಪ್ಪ ಬಂದಾಗ ಅವಳ ಬೆರಳು ತಡೆಯಿತು.

“ಅಬ್ಬಾ, ಇದನ್ನ ಹಾಕಿದ್ರ ಬುರುಡಿ ಗಂಟೀನೂ ನಿಮಗ ಕೇಳಂಗಿಲ್ಲ. ಎಲ್ಲಾರ ನಂಬರ ಒಂದ ತೆರದ ಇಡ್ಲಿ?”

“ಏನೂ ಬ್ಯಾಡ. ನನಗ ಕಣ್ಣ ಅದಾವ. ಅವನ ಬುರುಡಿ ಎಬ್ಬಿಸಿದ್ರ ನಾ ಏಳಬೇಕೇನು?”

ಅವಳು ಅಪ್ಪ ಹೇಳಿದಂತೆಯೇ ಮಾಡಿದಳು. ತನಗೆ ಸರಿ ಕಾಣದಿದ್ದರೂ ಮಾಡಿದಳು.

ಶ್ರಾವಣದ ಆ ದಿನ ನಮ್ಮಲ್ಲಿ ಹನಿ ಮಳೆ ಇಲ್ಲ, ಬಿಸಿಲು. ಮೇಲೆ ಮಹಾರಾಷ್ಟ್ರದಲ್ಲಿ ಸುರಿದು ಡ್ಯಾಮಿನಿಂದ ನೀರು ಬಿಟ್ಟಿದ್ದರು. ಫರಹತಳ ಫೋನು ರಿಂಗಾಯಿತು. ಬಾಬಾಸಾಹೇಬ, ಏದುಸಿರು.

“ಏ ಪೋರಿ, ನಿಮ್ಮಪ್ಪಗ ಎಷ್ಟ ಸೊಕ್ಕ ಬೇ? ಗಂಟಿ ಹೊಡದ ಎಷ್ಟ ಹೊತ್ತಾತು! ನಾ ಮೋಟರ ಮ್ಯಾಲ ಜಗ್ಗಾಕತ್ತೇನಿ, ಅಂವ ಬೇವಿನ ಗಿಡದ ಬುಡಕ ಆರಾಮ ಅಡ್ಡಾಗ್ಯಾನ. ನಾ ಕರೀಲಿ ಅಂತ ಕಾಯಾಕತ್ತಾನೇನು? ನಾ ಏನ ಕರ್ಯಾಂವಲ್ಲ!”

ಅವಳು ಕೈಯ ಕೆಲಸ ಬಿಟ್ಟು ಎದ್ದಳು.

“ಕಾಕಾ, ಅಬ್ಬಾಗ ಗಂಟಿ ಕೇಳಿಲ್ರಿ. ಅವರ ಡಬ್ಬಿ ಕಿವಿ ನಾನ ಮುಚ್ಚೇನಿ. ನೀವೂ ಹೇಳಿದ್ರಿ, ಅವರೂ ಹೇಳಿದ್ರು. ಅವರಿಗೆ ನೀರ ಬಂದದ್ದ ಗೊತ್ತಿಲ್ಲ. ಅವರ ಫೋನ ರಿಪೇರಿಗಂತ ನನ್ನ ಟೇಬಲ್ ಮ್ಯಾಲ ಬಿದ್ದೈತ್ರಿ. ಕೂಗ್ರಿ ಕಾಕಾ!”

ಆ ಕಡೆಯಿಂದ ಹೊಳೆಯ ಸದ್ದು, ಬಾಬಾಸಾಹೇಬನ ಏದುಸಿರು. ಅಪ್ಪನ ಹಟಕ್ಕೆ ತಾನು ಬಾಗಿದ್ದು ಮರ್ಯಾದೆಯೋ ಹೇಡಿತನವೋ ಎಂದು ಅವಳು ಯೋಚಿಸುತ್ತಿದ್ದಳು. ಗೊಬ್ಬರದ ಸಿಟ್ಟು ಆರಲೇಬೇಕೆಂದು ಅವಳು ಕೇಳಿರಲಿಲ್ಲ. ನೀರಿನ ಸುದ್ದಿಗೂ ಆ ಸಿಟ್ಟಿಗೂ ಒಂದೇ ಬಾಗಿಲು ಹಾಕಿದ್ದಳು, ಅದು ಚುಚ್ಚುತ್ತಿತ್ತು.

ಆಗ ಫೋನಿನಲ್ಲಿ ಗಂಟಲು ಹರಿದುಹೋಗುವಂಥ ಕೂಗು:

“ಏ ಅಕ್ಬರಸಾಬಾ! ಹೊಳಿ ಬಂತೋ! ಏಳಲೇ!”

ದೂರದಿಂದ ಅಪ್ಪನ ದನಿ: “ಬಂದ್ನ್ಯೋ! ಹಗ್ಗ ಬಿಡಬ್ಯಾಡ!”

ಫೋನು ಕೆಸರಿಗೆ ಬಿದ್ದಿರಬೇಕು, ಕಟ್ಟಾಯಿತು.

ಸ್ಕೂಟಿ ಏರಿ ಅವಳು ದಂಡೆಗೆ ಬರುವಷ್ಟರಲ್ಲಿ ಎರಡೂ ಮೋಟಾರು ಮೇಲೆ ಬಂದಿದ್ದವು. ಅಕ್ಬರಸಾಬನ ಪೈಪು ಮಾತ್ರ ಹೊಳೆಯ ಪಾಲು. ಕೆಸರಲ್ಲಿ ಮುಳುಗೆದ್ದ ಇಬ್ಬರೂ ಜಗಳಾಡುತ್ತ ಕೂತಿದ್ದರು.

“ನೀ ಎಲ್ಲಿ ಜಗ್ಗಿದ್ಯೋ? ಹಗ್ಗ ಹಿಡಕೊಂಡ ನಿಂತಿದ್ದಿ!” ಎಂದ ಅಕ್ಬರಸಾಬ.

“ನಿನ್ನ ಮೋಟರ ಎತ್ತಿದಾಂವ ನಿನ್ನ ಮಾವ ಏನು?”

ಅವಳು ಲ್ಯಾಪಟಾಪು ಬಿಚ್ಚಿದ್ದು ನೋಡಿ ಬಾಬಾಸಾಹೇಬ ಬೆರಳೆತ್ತಿದ. “ಇವನ ಗುಂಡಿಗೆ ನನ್ನ ಮೋಟರ ತಿರಗಬಾರದು. ಅದರಾಗ ಬದಲ ಇಲ್ಲ.”

“ತಿರಗಂಗಿಲ್ರಿ ಕಾಕಾ.”

ಅಕ್ಬರಸಾಬ ಹೊಳೆಯ ಕಡೆ ಮುಖ ಮಾಡಿ, “ಅದೇನೋ ಎಲ್ಲಾರ ನಂಬರ ಅಂದಿದ್ದಿ ಹೌದಿಲ್ಲೋ...” ಎಂದ.

“ಕೇಳಾಕ ಬಂದಿಲ್ಲ ಅಬ್ಬಾ, ಮಾಡಾಕ ಬಂದೇನಿ.”

ಬುರುಡೆ ಇನ್ನು ಎಲ್ಲರ ನಂಬರಿಗೇ ಕೂಗುವಂತೆ, ಎರಡೂ ಡಬ್ಬಿ ಆ ನಂಬರನ್ನು ಕೇಳುವಂತೆ ಮಾಡಿ ಮುಚ್ಚಳ ಬಿಗಿದಳು. ಈಗ ಅವಳ ಅಂಗಡಿಯಿಂದ ಹೊರಡುವ ಡಬ್ಬಿಗಳೆಲ್ಲ ಹಾಗೆಯೇ ಹೊರಡುತ್ತವೆ, ಗಿರಾಕಿ ಏನೇ ಒದರಲಿ.

ಇಷ್ಟೇ. ಇದನ್ನು ಶಿರಗುಪ್ಪಿಯವರಿಗೆ, ಭೋಜದವರಿಗೆ, ದಂಡೆಯ ಮೇಲೆ ಡಬ್ಬಿ ಇಟ್ಟವರಿಗೆಲ್ಲ ಕಳಿಸಿ. ಅಲ್ಲಿಯೂ ಹೊಳೆ ಇದೆ, ಮಾತು ಬಿಟ್ಟವರೂ ಇದ್ದಾರೆ. ಮಳೆಗಾಲಕ್ಕೆ ಮುಂಚೆ ಕಳಿಸಿ.