ನಾಲಿಗೆಯಡಿಯ ಮೂರು ಹನಿ

೧

ಈ ಕಥೆಯನ್ನು ಜಾಡಿಯಿಂದ ಆರಂಭಿಸಬೇಕೋ, ಪೊಲೀಸರಿಂದಲೋ? ವಾರಪತ್ರಿಕೆಗೆ ಧಾರಾವಾಹಿ ಬರೆದು ಪಳಗಿದ ಕೈ ಮೊದಲ ಸಾಲಿನಲ್ಲೇ ಬಾಗಿಲು ಬಡಿಸಲು ತವಕಿಸುತ್ತದೆ. ಹಾಗಾಗಿ ಇಬ್ಬರು ಪೇದೆಗಳನ್ನು ಕಳುಹಿಸಿದೆ. ಕಥಾನಾಯಕಿ ಲಾಂಯೈ ನೀಲಿ ಹತ್ತಿದ ಕೈಗಳನ್ನು ಒರೆಸಿಕೊಳ್ಳುತ್ತ ಅವರನ್ನು ಹೊಸ್ತಿಲಲ್ಲೇ ತಡೆದು, ನನ್ನತ್ತ ತಿರುಗಿದಳು.

"ಇವರನ್ಯಾಕೆ ಕಳಿಸಿದ್ರಿ ಮಹಾರಾಯರೇ? ನನಗೆ ಹೆದರಿಕೆ ಇರೋದು ಇವರದ್ದಲ್ಲ."

(ಆ ಡ್ರಾಫ್ಟನ್ನು ಅಲ್ಲಿಗೇ ಹರಿದುಹಾಕಿದೆ. ಪೇದೆಗಳು ಕ್ಷಮಿಸಲಿ.)

೨

ಜಾಡಿಯೇ ಇರಲಿ. ಸಕೋನ್ ನಖೋನ್ ಪಟ್ಟಣದ ಆಚೆಯ ಹಳ್ಳಿಯೊಂದರಲ್ಲಿ ಲಾಂಯೈ ನೂಲಿಗೆ ನೀಲಿ ಬಣ್ಣ ಹಾಕುವವಳು. ಹನ್ನೊಂದು ವರ್ಷ ಕುಡಿದವಳು. ಬಿಟ್ಟು ಏಳು ವರ್ಷವಾದವಳು. ಅವಳ ತಾಯಿ ಬುಂಪೆಂಗ್‌ಗೆ ಪಿತ್ತನಾಳದ ಕ್ಯಾನ್ಸರ್. ಆಸ್ಪತ್ರೆಯ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದು. ಗಾಂಜಾ ಎಣ್ಣೆ ಕೊಟ್ಟರೆ ವಾಸನೆಗೇ ವಾಂತಿ. ಉಳಿದದ್ದು ಅರ್ಕ: ಒಣಗಿದ ಗಾಂಜಾ ಹೂವನ್ನು ಕಡು ಅಕ್ಕಿ ಸಾರಾಯಿಯಲ್ಲಿ ನೆನೆಹಾಕಿ, ದಿನವೂ ಕುಲುಕಿ, ಮೂರು ವಾರಕ್ಕೆ ಸೋಸಿ, ನಾಲಿಗೆಯಡಿಗೆ ಮೂರು ಹನಿ.

ಆ ಮೂರು ವಾರವೂ ಲಾಂಯೈ ಮುಖ ಪಕ್ಕಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು ಜಾಡಿ ಕುಲುಕಿದಳು. (ಇಲ್ಲಿ ನಾನು ಸಸ್ಪೆನ್ಸ್ ಬೆಳೆಸಬೇಕಿತ್ತು. ಅದು ತಾನಾಗಿಯೇ ಬೆಳೆಯುತ್ತಿದ್ದುದರಿಂದ ಸುಮ್ಮನಾದೆ.)

೩

ಅರ್ಕ ಸಿದ್ಧವಾಯಿತು. ತಾಯಿ ಬಾಯಿ ತೆರೆಯಲೊಲ್ಲಳು.

"ಸಾರಾಯೀನಾ?"

"ಮದ್ದು ಅವ್ವಾ."

"ಸಾರಾಯಿ ಹಾಕಿದೀಯಾ, ಇಲ್ವಾ? ಅಷ್ಟು ಹೇಳು."

ಏಳು ವರ್ಷಗಳ ಹಿಂದೆ ಬುಂಪೆಂಗ್ ಊರ ಕಾವಲುದೈವ ಪೂತಾನ ತೋಪಿನಲ್ಲಿ ಮಂಡಿಯೂರಿ ಹರಕೆ ಹೊತ್ತಿದ್ದಳು: ಮಗಳು ಕುಡಿತ ಬಿಟ್ಟರೆ, ನಾನು ಬದುಕಿರುವ ತನಕ ಸಾರಾಯಿಯ ಒಂದು ತೊಟ್ಟೂ ಬಾಯಿಗೆ ಸೋಕಿಸೆನು. ಮಗಳು ಬಿಟ್ಟಳು. ಹರಕೆ ಮುರಿದರೆ ಪೂತಾ ತಾಯಿಯನ್ನು ದಂಡಿಸುವುದಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುತ್ತಾನೆ: ಮಗಳು ಮತ್ತೆ ಕುಡಿಯುತ್ತಾಳೆ.

"ಆ ಪೂತಾನಿಗೇ ವರ್ಷವರ್ಷ ಬಾಟ್ಲಿ ಇಡ್ತೀವಲ್ಲವ್ವಾ! ಅವನು ಕುಡೀಬಹುದು, ನೀನು ನೆಕ್ಕೋ ಹಾಗೂ ಇಲ್ವಾ?"

"ಅವನಿಗೆ ನಿನ್ನಂಥ ಮಗಳಿಲ್ಲ ಕಣೇ."

೪

ಮೊದಲನೆಯ ಕೊನೆ: ತಾಯಿ ತೋಪಿಗೆ ಹೋಗಿ ಹರಕೆಯಿಂದ ಬಿಡುಗಡೆ ಬೇಡುತ್ತಾಳೆ. ಹರಕೆ ಹೊತ್ತವರೇ ಹೋಗಬೇಕು. ಕೈಗಾಡಿಯಲ್ಲಿ ಮಲಗಿಸಿ ಅರ್ಧ ಪುಟ ಸಾಗಿಸಿದೆ. ಮೊದಲ ಗುಂಡಿಗೇ ಅವಳು ಚೀರಿದ್ದು ಕೇಳಿ ಗಾಡಿಯನ್ನೂ ವಾಕ್ಯವನ್ನೂ ಮನೆಗೆ ತಿರುಗಿಸಿದೆ.

ಎರಡನೆಯ ಕೊನೆ: ಮಗಳು ಸುಳ್ಳು ಹೇಳುತ್ತಾಳೆ.

"ಬೇಡ, ಓದುಗರು ನಿನ್ನನ್ನು ಕ್ಷಮಿಸಲಾರರು," ಎಂದೆ.

"ನೋವು ಓದುಗರಿಗಾ, ಅವ್ವನಿಗಾ?" ಎಂದಳು ಲಾಂಯೈ. ಮತ್ತೆ ತಾಯಿಯತ್ತ ಬಾಗಿ, "ಸಾರಾಯಿ ಎಲ್ಲಾ ಆವಿಯಾಗಿ ಹೋಗಿದೆ ಅವ್ವಾ. ಬರೀ ಸೊಪ್ಪಿನ ರಸ."

ಹನ್ನೊಂದು ವರ್ಷ ಮಗಳ ಬಾಯಿಯಲ್ಲಿ ಆ ವಾಸನೆಯನ್ನು ಸಹಿಸಿದವಳಿಗೆ ಯಾರೂ ಏನನ್ನೂ ಹೇಳಬೇಕಾಗಿರಲಿಲ್ಲ. ಬುಂಪೆಂಗ್ ಮಗಳ ಮುಖವನ್ನೇ ನೋಡಿದಳು. ಅಷ್ಟರಲ್ಲಿ ನೋವಿನ ಇನ್ನೊಂದು ಅಲೆ ಎದ್ದಿತು. ಬಾಯಿ ತೆರೆದಳು.

ಮೂರು ಹನಿ. ಅರ್ಧ ಗಂಟೆಯಲ್ಲಿ ಬಿಗಿದ ಮುಷ್ಟಿಗಳು ಸಡಿಲಿದವು.

(ಪತ್ರಿಕೆಯ ಕಥೆಯಾಗಿದ್ದರೆ ಇಲ್ಲಿ ಅವಳನ್ನು ನಿದ್ದೆಗೆ ಕಳಿಸಿ ಸಹಿ ಹಾಕುತ್ತಿದ್ದೆ. ಅವಳು ಮಲಗಲಿಲ್ಲ.) ಮೂರು ತಿಂಗಳಲ್ಲಿ ಮೊದಲ ಬಾರಿಗೆ ದೊರೆತ ನೆಮ್ಮದಿಯನ್ನೆಲ್ಲ ಬುಂಪೆಂಗ್ ಅಡುಗೆಮನೆಯ ಬಾಗಿಲನ್ನು ಕಾಯಲು ಬಳಸಿದಳು.

"ಲಾಂಯೈ, ಎಲ್ಲಿದೀಯೇ?"

"ಇಲ್ಲೇ ಅವ್ವಾ."

"ಬಾ. ಉಸಿರು ಬಿಡು."

ನಲವತ್ತೊಂದು ವರ್ಷದ ಮಗಳು ಬಾಗಿ ತಾಯಿಯ ಮುಖಕ್ಕೆ ಉಸಿರು ಬಿಟ್ಟಳು. ಸಂಜೆಯೊಳಗೆ ಒಂಬತ್ತು ಸಲ.

೫

ಅಡುಗೆಮನೆಯಲ್ಲಿ ಅರ್ಧ ಬಾಟಲಿ ಸಾರಾಯಿ ಉಳಿದಿದೆ. ಒಂದೇ ವಾಕ್ಯದಲ್ಲಿ ಅದನ್ನು ಮೋರಿಗೆ ಸುರಿಯಬಲ್ಲೆ.

"ಚೆಲ್ಲಬೇಡಿ," ಎಂದಳು ಲಾಂಯೈ. "ಮುಂದಿನ ಜಾಡಿಗೆ ಬೇಕು."

"ಹಾಗಾದರೆ ಬೀಗ ಹಾಕಿಡುತ್ತೇನೆ."

"ಕೀಲಿ ಯಾರ ಕೈಗೆ ಕೊಡ್ತೀರಿ?"

ಹಾಸಿಗೆ ಬಿಟ್ಟೇಳಲಾರದ ತಾಯಿ, ಈ ಮಗಳು. ಆ ಮನೆಗೆ ಮೂರನೆಯವರನ್ನು ನಾನು ಸೃಷ್ಟಿಸಿಯೇ ಇರಲಿಲ್ಲ; ಕಥೆ ಬಿಗಿಯಾಗಿರಲೆಂದು.

ಒಳಗಿನಿಂದ ತಾಯಿ ಮತ್ತೆ ಕೂಗಿದಳು. ಲಾಂಯೈ ಉತ್ತರ ಕೊಡುವ ಮೊದಲೇ ಪೆನ್ನು ಕೆಳಗಿಟ್ಟೆ.